ಔಡಲೆಣ್ಣೆ ಸವರಿದ ತೋಟಾಗಳು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹುನಗುಂದದ ಹತ್ತಿರದ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದೆ. ಮಾವನವರ ಬಳಿ ಲೈಸೆನ್ಸಿನ ಜೋಡುನಳಿಗೆ ಬಂದೂಕಿತ್ತು, ಶೇಂಗಾ ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು. ಬಂದೂಕು ಅವರದು, ಅದಕ್ಕೆ ತುಂಬುವ ತೋಟಾಗಳು ಮಾತ್ರ ಅತ್ತೆಯವರವು. ಬಂದೂಕನ್ನು ಎಂದೂ ಮುಟ್ಟದ ಹೆಂಗಸು ಅದರ ಮದ್ದನ್ನು ಕಾಪಾಡುತ್ತಿದ್ದ ರೀತಿ ಕಂಡು ನಾನು ಬೆರಗಾಗಿ ಹೋದೆ.

ಒಲೆಯಿಂದ ದೂರ, ದಪ್ಪ ಮಣ್ಣಿನ ಗೋಡೆಯ ಗೂಡಿನಲ್ಲಿ ಬಿಗಿ ಮುಚ್ಚಳದ ಎರಡು ತಗಡಿನ ಡಬ್ಬಿಗಳು. ಒಂದರಲ್ಲಿ ಬಾಗಲಕೋಟೆಯಿಂದ ತಂದ ಹೊಸವು, ಇನ್ನೊಂದರಲ್ಲಿ ನನ್ನ ಗಂಡ ಹುಟ್ಟಿದ ವರ್ಷ ತಂದವು. ಮಳೆಗಾಲ ಮುಗಿದ ಮೇಲೆ ಅತ್ತೆ ಒಂದೊಂದನ್ನೂ ಒಣಬಟ್ಟೆಯಲ್ಲಿ ಒರೆಸಿ, ಬುಡದ ಹಿತ್ತಾಳೆಗೆ ಕಿಲುಬು ಹಿಡಿದಿದೆಯೇ ನೋಡಿ, ಮಾವನವರ ಉಂಗುರದೊಳಗೆ ತೂರಿಸುತ್ತಿದ್ದರು. ತೋಟಾದ ಮೈ ರಟ್ಟಿನದು, ತೇವ ಕುಡಿದರೆ ಉಬ್ಬುತ್ತದೆ. ಉಂಗುರದಲ್ಲಿ ಸಿಕ್ಕಿಕೊಂಡದ್ದು ಬಂದೂಕಿಗೆ ಹೋಗುವಂತಿರಲಿಲ್ಲ.

“ಒಣಾ ಜಾಗಾ, ತಂಪು ಜಾಗಾ. ಇಷ್ಟ ನೋಡವಾ, ನಮಕಿಂತ ಹೆಚ್ಚಿಗಿ ಬಾಳ್ತಾವು,” ಎನ್ನುತ್ತಿದ್ದರು.

ಒಂದು ವರ್ಷ ಅತ್ತೆ ಮಗಳ ಬಾಣಂತನಕ್ಕೆಂದು ಬಾದಾಮಿಗೆ ಹೋದರು. ಕೆಲಸ ನನ್ನ ಪಾಲಿಗೆ ಬಂತು. ನಾನೋ ಮಹಾ ಜಾಣೆ! ಬೀಜದ ತೊಗರಿಗೆ ಔಡಲೆಣ್ಣೆ ಸವರಿಟ್ಟರೆ ವರ್ಷವಿಡೀ ಕೆಡುವುದಿಲ್ಲ, ಇವಕ್ಕೇಕೆ ಬೇಡ ಎಂದುಕೊಂಡು ಹೊಸ ತೋಟಾಗಳಿಗೆಲ್ಲ ಮಿರಮಿರ ಮಿಂಚುವಂತೆ ಎಣ್ಣೆ ತಿಕ್ಕಿದೆ. ಇಪ್ಪತ್ತು ವರ್ಷ ಹಳೆಯವು ಇನ್ನೇನು ಸಿಡಿದಾವು ಎಂದು ಅವುಗಳ ಮೇಲೆ ಎಣ್ಣೆ ದಂಡ ಮಾಡಲಿಲ್ಲ.

ತಿಂಗಳೊಪ್ಪತ್ತು ಕಳೆದಿರಬೇಕು. ಬೆಳಿಗ್ಗೆ ಬುತ್ತಿ ಹೊತ್ತು ಹೊಲಕ್ಕೆ ಹೋದರೆ, ಕೋರೆಹಲ್ಲಿನ ಒಂಟಿ ಹಂದಿ ಮಾವನವರ ಎದುರೇ ನಿಂತಿತ್ತು. ಅವರು ಬಂದೂಕಿನ ಕುದುರೆ ಎಳೆದರು. ಟಕ್ ಎಂದಿತು, ಅಷ್ಟೇ. ಎರಡನೆಯ ನಳಿಗೆಯೂ ಟಕ್. ಎಣ್ಣೆ ಒಳಗಿಳಿದು ಮದ್ದನ್ನು ಕೊಂದಿತ್ತು.

ಬಂದೂಕು ಹೊರಟಾಗ ಹಳೆಯವೆರಡು ಜೇಬಿನಲ್ಲಿರಬೇಕು ಎಂಬುದು ಅತ್ತೆಯ ಕಟ್ಟಪ್ಪಣೆ. ಮಾವ ಹಿಂದೆ ಹಿಂದೆ ಸರಿಯುತ್ತಲೇ ನಳಿಗೆ ಮಡಚಿ ಅವನ್ನು ತುಂಬಿ ಹಾರಿಸಿದರು. ಆ ಸದ್ದಿಗೆ ನನ್ನ ಕಾಲಡಿಯ ನೆಲ ನಡುಗಿತು! ಹಂದಿ ಹಳ್ಳದ ಕಡೆ ಓಟ ಕಿತ್ತಿತು. ನನ್ನ ಗಂಡನಷ್ಟು ವಯಸ್ಸಿನ ಮದ್ದು, ಒಬ್ಬ ಹೆಂಗಸಿನ ಒಣಬಟ್ಟೆಯ ಬಲದಿಂದ ಬದುಕಿದ್ದು, ಮನೆಯ ಹಿರಿಯರನ್ನು ಉಳಿಸಿಕೊಟ್ಟಿತ್ತು. ನಾನು ಬದುವಿನ ಮೇಲೆ ಕುಸಿದು ಕುಳಿತು ಅಳುತ್ತಲೇ ಎಲ್ಲ ಒಪ್ಪಿಕೊಂಡೆ. ಮಾವ ಸಿಡಿಯದ ತೋಟಾಗಳೆರಡನ್ನೂ ನೆಲದಿಂದ ಆರಿಸಿ ಜೇಬಿಗೆ ಹಾಕಿಕೊಂಡರು. ಅತ್ತೆಗೆ ಹೇಗೆ ಮುಖ ತೋರಿಸಲಿ ಎಂಬ ಚಿಂತೆಯಲ್ಲಿ ನನಗೆ ಅನ್ನ ಸೇರಲಿಲ್ಲ.

ಅವರು ಮರಳಿ ಬಂದರು. ದಾರಿಯಲ್ಲೇ ಹಂದಿಯ ಸುದ್ದಿ ಕೇಳಿದ್ದರು. ನೇರ ಹೋಗಿ ಹೊಸ ತೋಟಾಗಳ ಡಬ್ಬಿ ತೆರೆದರು.

“ಮದ್ದಿಂದೇನೂ ತಪ್ಪಿಲ್ಲ. ಮೊದಲ ಎರಡೂ ಗುರಿ ನಂದ ತಪ್ಪಿದ್ವು,” ಎಂದರು ಮಾವ. ಗುರಿಯ ವಿಷಯದಲ್ಲಿ ಯಾರಿಗೂ ಸೋಲೊಪ್ಪದ ಮನುಷ್ಯ.

ಅತ್ತೆ ಬೆರಳಿಗೆ ಅಂಟಿದ ಎಣ್ಣೆಯನ್ನು ಮೂಸಿದರು. ನನ್ನನ್ನೊಮ್ಮೆ ನೋಡಿದರು, ಅವರನ್ನೊಮ್ಮೆ.

“ಹೌದ್ ಬಿಡ್ರಿ, ನಿಮಗೂ ಈಗ ಕಣ್ಣು ಸರಿ ಕಾಣಂಗಿಲ್ಲ,” ಎಂದರು.

ಹಾಗೆಂದವರು ಮುಚ್ಚಳ ಹಾಕುವುದನ್ನೂ ಮರೆತು ಹೋಗಿ ಮಾವನವರ ಪಕ್ಕದಲ್ಲೇ ಕುಳಿತುಬಿಟ್ಟರು. ನಾನೇ ಹಾಕಿದೆ.