ನೀಲಿ ಇಲ್ಲದ ನೀರಿನ ಪೋಸ್ಟರು

ಬಾಡಿಗೆ ಮನೆಗೆ ಬಂದ ಮೇಲೆ ಮೂರು ತಿಂಗಳು ನಾನು ಮೆಟ್ಟಿಲ ಕೆಳಗಿನ ನೀರಿನ ಮೀಟರನ್ನು ಕರೆಂಟಿನ ಮೀಟರೆಂದೇ ನಂಬಿದ್ದೆ. ಕೆಲಸಕ್ಕೆ ಹೊರಡುವಾಗ ಅದರ ಪುಟ್ಟ ಕೆಂಪು ಚಕ್ರ ತಿರುಗುತ್ತಿದ್ದರೆ ಮತ್ತೆ ಮಹಡಿ ಹತ್ತಿ, ಫ್ಯಾನು ಆರಿಸಿದ್ದೇನೆಯೇ ಎಂದು ನೋಡಿ ಬರುತ್ತಿದ್ದೆ. ಪಾರ್ಸೆಲ್ ಕಚೇರಿಯಲ್ಲಿ ಪೊಟ್ಟಣಗಳಿಗೆ ಸರಿಯಾದ ಚೀಟಿ ಅಂಟಿಸಿ ಸಂಬಳ ತೆಗೆದುಕೊಳ್ಳುವವನು ನಾನು.

ಒಂದು ರಜೆಯ ಬೆಳಿಗ್ಗೆ ದೀಪ, ಫ್ಯಾನು, ಚಾರ್ಜರು ಎಲ್ಲ ಆರಿಸಿ, ಬನಿಯನ್ನಿನಲ್ಲಿ ಬೆವರುತ್ತ ಅದರೆದುರು ಕುಕ್ಕರುಗಾಲಲ್ಲಿ ಕೂತೆ. ಚಕ್ರ ತಿರುಗುತ್ತಲೇ ಇತ್ತು. ಯಾರೋ ನನ್ನ ಕರೆಂಟು ಕದಿಯುತ್ತಿದ್ದಾರೆ! ಎದೆ ಸೆಟೆಸಿಕೊಂಡು ಕೆಳಮನೆಯ ಬಾಗಿಲು ತಟ್ಟಿದೆ.

ಬಾಗಿಲು ತೆರೆದ ಕೆಳಮನೆ ಅಕ್ಕನ ಕಣ್ಣು ಊದಿಕೊಂಡಿತ್ತು. ಒಳಗೆ ನೆಲದ ತುಂಬ ಮುದುಡಿದ ಹಾಳೆಗಳು.

ಮೂವತ್ತೆಂಟನೇ ವಯಸ್ಸಿನಲ್ಲಿ ಅವಳು ಚಿತ್ರಕಲಾ ಡಿಪ್ಲೊಮಾದ ವಿದ್ಯಾರ್ಥಿನಿ. ಶಾಲೆಯೊಂದರಲ್ಲಿ ತಾತ್ಕಾಲಿಕ ಡ್ರಾಯಿಂಗ್ ಟೀಚರು. ಈ ತಿಂಗಳೊಳಗೆ ಪಾಸಾಗದಿದ್ದರೆ ಆ ಕೆಲಸ ಬೇರೆಯವರಿಗೆ. ಬಾಕಿ ಇದ್ದದ್ದು ಒಂದೇ: ಮನೆಯಲ್ಲಿ ಪೋಲಾಗುವ ನೀರಿನ ಬಗ್ಗೆ ಒಂದು ಪೋಸ್ಟರು. ಎರಡು ಸಲ ಕೊಟ್ಟು ಎರಡು ಸಲವೂ ನಪಾಸಾಗಿದ್ದಳು. ಮೊದಲನೆಯದರಲ್ಲಿ ಅಳುವ ಭೂಮಿ, ಎರಡನೆಯದರಲ್ಲಿ ಅಳುವ ನಲ್ಲಿ. "ಇದು ನಿಮ್ಮನೆ ನೀರಲ್ಲ ಕಣಮ್ಮಾ, ಕ್ಯಾಲೆಂಡರ್ ನೀರು" ಎಂದಿದ್ದರು ಪರೀಕ್ಷಕರು. ಮೂರನೆಯದೇ ಕೊನೆಯ ಅವಕಾಶ. ನಾಳೆ ಹತ್ತು ಗಂಟೆಗೆ ಒಪ್ಪಿಸಬೇಕು.

"ನೀರಿನ ಚಿತ್ರ ಬರ್ದು ಬರ್ದು ಮನೆಯವರಿಗೆ ನೀರು ಕುಡಿಸ್ತಿದ್ದಾಳೆ" ಎಂದು ಒಳಗಿನಿಂದ ಅವಳ ಅತ್ತೆಯ ದನಿ ಬಂತು.

ನಾನು ದಿನಾ ಫ್ಯಾನು ಆರಿಸಲು ಓಡುತ್ತಿದ್ದುದರಿಂದ ಹಿಡಿದು ಮೀಟರಿನೆದುರು ಕುಕ್ಕರುಗಾಲಲ್ಲಿ ಕೂತದ್ದರವರೆಗೆ ದೂರು ಹೇಳಿದೆ. ಅಕ್ಕ ಮೆಟ್ಟಿಲ ಬಳಿ ಬಂದು ಬಗ್ಗಿ ನೋಡಿದಳು.

"ಅದು ನೀರಿನ ಮೀಟರು ಕಣೋ, ಪೆದ್ದ! ಮೂರು ತಿಂಗಳಿಂದ ಇದಕ್ಕಾ ಫ್ಯಾನ್ ಆರಿಸ್ತಿದ್ದೆ?" ಎಂದು ನಕ್ಕವಳು ನಡುವೆಯೇ ನಿಂತುಬಿಟ್ಟಳು. "ಇರು. ನಿನ್ನ ನಲ್ಲಿ ಮುಚ್ಚಿದೆಯಾ?"

"ಎಲ್ಲಾ ಮುಚ್ಚಿದೆ ಅಕ್ಕಾ."

"ಎರಡೂ ಮನೆಗೆ ಇದೊಂದೇ ಮೀಟರು, ನಂದೂ ಮುಚ್ಚಿದೆ. ಮತ್ತೆ ಇದ್ಯಾಕೆ ತಿರುಗ್ತಿದೆ?"

ಎರಡೂ ಮನೆ ತಡಕಾಡಿದೆವು. ಎಲ್ಲೂ ಒದ್ದೆಯಿಲ್ಲ, ಸದ್ದಿಲ್ಲ. ಉಳಿದದ್ದು ಅವಳ ಕಮೋಡಿನ ಫ್ಲಶ್ ಟ್ಯಾಂಕು. ಅಕ್ಕ ಬಣ್ಣದ ಡಬ್ಬಿಯಿಂದ ನೀಲಿ ಬಾಟಲಿ ತಂದು, ಸೋರಿದರೆ ಬಣ್ಣ ಕಾಣಲೆಂದು ತಳದಲ್ಲಿದ್ದ ಅಷ್ಟನ್ನೂ ಟ್ಯಾಂಕಿಗೆ ಸುರಿದಳು. ಯಾರೂ ಫ್ಲಶ್ ಮಾಡಬಾರದೆಂದು ಬಾಗಿಲಲ್ಲೇ ಕಾವಲು ಕೂತೆವು. ಅರ್ಧ ಗಂಟೆಗೆ ಕಮೋಡಿನ ಬಿಳಿ ಗೋಡೆಯ ಮೇಲೆ ಕೂದಲೆಳೆಯಂಥ ನೀಲಿ ಗೆರೆ ಇಳಿಯಿತು.

"ಸಿಕ್ತು!" ಎಂದು ನಾನು ಕುಣಿದೆ.

ಅಕ್ಕ ಬಾಟಲಿ ತಲೆಕೆಳಗು ಮಾಡಿದಳು. ಒಂದು ತೊಟ್ಟೂ ಬೀಳಲಿಲ್ಲ. "ನೀಲಿ ಖಾಲಿ ಆಯ್ತಲ್ಲೋ. ಇವತ್ತು ಅಂಗಡಿನೂ ಇಲ್ಲ. ನೀರಿನ ಪೋಸ್ಟರಿಗೆ ನೀಲೀನೇ ಇಲ್ಲ!" ಎಂದು ಬಚ್ಚಲ ಹೊಸ್ತಿಲ ಮೇಲೆ ಕುಸಿದಳು. "ಮುಗೀತು ಬಿಡು. ನಾಳೆ ಹೋಗೋದೇ ಇಲ್ಲ. ಆ ಮಕ್ಕಳಿಗೆ ಬೇರೆ ಟೀಚರ್ ಬರ್ಲಿ."

ಸಮಾಧಾನ ಹೇಳಲು ನನಗೆ ಬಾರದು. ಪೆದ್ದುಪೆದ್ದಾಗಿ, "ನಾನು ಮಾತ್ರ ಹೋಗಿ ಹೋಗಿ ಫ್ಯಾನ್ ಆರಿಸ್ತಿದ್ದೆ ನೋಡಕ್ಕಾ" ಎಂದೆ.

ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು. ಆಮೇಲೆ ರಟ್ಟೆ ಹಿಡಿದು ಎಳೆದೊಯ್ದು ಮೀಟರಿನ ಮುಂದೆ ಕೂರಿಸಿದಳು. "ಬೆಳಿಗ್ಗೆ ಕೂತಿದ್ದೆ ಅಂದ್ಯಲ್ಲ, ಹಾಗೇ ಕೂತ್ಕೋ. ಆ ಪೆದ್ದು ಮುಖ ಬದಲಾಯಿಸ್ಬೇಡ."

ನನ್ನ ಕಾಲು ಜೋಮು ಹಿಡಿದು ಸತ್ತೇಹೋಯಿತು. ಅಕ್ಕ ಮೂರು ಹಾಳೆ ಹರಿದಳು, ಎರಡು ಸಲ ಅತ್ತಳು, ಪೆನ್ಸಿಲನ್ನು ಒಮ್ಮೆ ಗೋಡೆಗೆ ಎಸೆದಳು. ಸಂಜೆ ಹೊತ್ತಿಗೆ ಹಾಳೆಯ ಮೇಲೆ ಬರೀ ಕಪ್ಪು ಗೆರೆಗಳಲ್ಲಿ ಬೆವರುವ ಪೆದ್ದನೊಬ್ಬ. ಎದುರಿಗೆ ಮೀಟರು, ಅದರೊಳಗೆ ಚಕ್ರವೊಂದೇ ಕೆಂಪು. ಕೆಳಗೆ ಒಂದೇ ಸಾಲು: "ನಲ್ಲಿ ಎಲ್ಲಾ ಮುಚ್ಚಿದೆ. ಚಕ್ರ ಯಾಕೆ ತಿರುಗ್ತಿದೆ?"

ಮಾರನೇ ದಿನ ಬಸ್ಸಿನ ನೂಕಾಟದಲ್ಲಿ ಪೋಸ್ಟರು ಅಂಟಿಸಿದ ರಟ್ಟು ಮಡಚಿಕೊಳ್ಳದಂತೆ ಹಿಡಿಯಲು ನಾನೂ ಹೋದೆ. ಪರೀಕ್ಷಕರು ಪೋಸ್ಟರು ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಪೋಸ್ಟರು ನೋಡಿದರು. ಅಂಕಪಟ್ಟಿಯ ಮೇಲೆ ಪೆನ್ನು ಇಟ್ಟವರು ಬರೆಯದೆ ಕೇಳಿದರು:

"ಇದು ಯಾರ ಮನೆ ಸೋರಿಕೆಯಮ್ಮಾ?"

"ನಮ್ಮನೇದೇ ಸಾರ್."

"ಎಷ್ಟು ದಿನದಿಂದ ಸೋರ್ತಿತ್ತು?"

ನಿನ್ನೆಯಿಂದ ಅನ್ನು ಎಂದು ನಾನು ಹಿಂದಿನಿಂದ ಮೊಣಕೈಯಲ್ಲಿ ತಿವಿದೆ. ಅಕ್ಕ ನನ್ನ ಕೈ ಸರಿಸಿದಳು.

"ಎರಡು ವರ್ಷ ಆಗಿರ್ಬೇಕು ಸಾರ್, ನೀರಿನ ಬಿಲ್ಲು ಏರಿದ್ದು ಆಗಿಂದ್ಲೇ. ನೀರು ಉಳಿಸಿ ಅಂತ ನಿಮಗೆ ಎರಡು ಪೋಸ್ಟರ್ ಬರ್ದು ಕೊಟ್ಟೆನಲ್ಲ, ಆಗ್ಲೂ ಸೋರ್ತಾನೇ ಇತ್ತು."