ನಾಗವೇಣಿಯ ಎಕ್ಸ್‌ಪ್ರೆಶನ್ ನೋಟ್‌ಬುಕ್

ಕೊರೊನಾ ಕಳೆದು ಕಾಲೇಜುಗಳು ಮತ್ತೆ ಸರಿಯಾಗಿ ನಡೆಯತೊಡಗಿದ ವರ್ಷ ಅದು. ಪಾವಗಡದ ಒಂದು ಪದವಿ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಲೆಕ್ಚರರ್. ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇತ್ತು. ಕೊರಟಗೆರೆ, ಶಿರಾ ಎಲ್ಲ ಸುತ್ತಿ ಬಂದವನು, ಮಧುಗಿರಿಯ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಪಾಠ ಮಾಡುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬವೂ ಇತ್ತು. ಸುಳ್ಳು ಯಾಕೆ ಹೇಳಲಿ.

ನಮ್ಮ ಕಡೆಯ ಮಕ್ಕಳು ಗ್ರಾಮರ್ ಉರು ಹೊಡೆದು ಬಂದಿರುತ್ತಾರೆ. ಯಾರಾದರೂ ಇಂಗ್ಲಿಷಿನಲ್ಲಿ ಮಾತಾಡಿಸಿದರೆ ಮಾತ್ರ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೆ ನಾನು ಕಂಡುಕೊಂಡ ಮದ್ದು ಎಕ್ಸ್‌ಪ್ರೆಶನ್ ನೋಟ್‌ಬುಕ್. ಕ್ರಿಕೆಟ್ ಕಾಮೆಂಟರಿ, ಮೊಬೈಲ್ ವಿಡಿಯೋ, ಸೋಲಾರ್ ಪಾರ್ಕಿನ ಇಂಜಿನಿಯರುಗಳ ಮಾತು, ಎಲ್ಲಿಂದಾದರೂ ಸರಿ, ದಿನಬಳಕೆಯ ಐದು ನುಡಿಗಟ್ಟು ಅಥವಾ ಸ್ಲ್ಯಾಂಗ್ ವಾರಕ್ಕೊಮ್ಮೆ ಹುಡುಕಿ ತರಬೇಕು. ಒಂದೊಂದಕ್ಕೂ ಸ್ವಂತ ವಾಕ್ಯ ಬರೆಯಬೇಕು. "ರಾಮ ಶಾಲೆಗೆ ಹೋದನು ಅಂತ ಬರೆದ್ರೆ ನೋಟ್‌ಬುಕ್ ಕಿಟಕಿಯಾಚೆ ಎಸೀತೀನಿ. ನಿಮ್ಮನೇಲಿ ನಡೆದದ್ದು ಬರೀರಿ," ಎಂದು ಗದರಿಸಿದ್ದೆ. ಸೋಮವಾರ ಪುಸ್ತಕ ಪಡೆದು, ಬಸ್ಸಿನಲ್ಲೇ ನೋಡಿ, ಬುಧವಾರ ಹಿಂದಿರುಗಿಸುವುದು ರೂಢಿ.

ಎರಡನೇ ಬಿ.ಎ.ಯ ನಾಗವೇಣಿ ಬಲಸಮುದ್ರದವಳು. ತಂದೆ ಇರಲಿಲ್ಲ. ದೊಡ್ಡಪ್ಪನದೇ ಯಜಮಾನಿಕೆ. ಮನೆಯಲ್ಲಿ ತೆಲುಗು, ಕಾಲೇಜಿನಲ್ಲಿ ಕನ್ನಡ ಮಾತಾಡುವ ಹುಡುಗಿ ಇಂಗ್ಲಿಷನ್ನು ಹಿಡಿದುಕೊಂಡ ವೇಗ ನೋಡಿ ನಾನು ಬೆರಗಾಗಿದ್ದೆ. ಬಿ.ಎಡ್. ಮಾಡಿ ಇಂಗ್ಲಿಷ್ ಟೀಚರ್ ಆಗಬೇಕು ಎಂಬುದೊಂದೇ ಅವಳ ಆಸೆ. ಬೇರೆಯವರ ಪುಸ್ತಕಗಳಲ್ಲಿ ಕೆಂಪು ಶಾಯಿ ಹರಿದಾಡುತ್ತಿದ್ದರೆ ಅವಳ ಪುಸ್ತಕದಲ್ಲಿ ಬರೀ ರೈಟ್ ಮಾರ್ಕ್.

ಆ ಜನವರಿಯ ಒಂದು ವಾರ ಅವಳು "ಪುಟ್ ಹಿಸ್ ಫುಟ್ ಡೌನ್" ಎಂಬುದನ್ನು ತಂದಿದ್ದಳು. ಹಟ ಹಿಡಿದು ಕಡಾಖಂಡಿತ ಹೇಳಿಬಿಡುವುದಕ್ಕೆ ಇಂಗ್ಲಿಷಿನವರು ಪಾದ ಕೆಳಗಿಡುವುದು ಎನ್ನುತ್ತಾರೆ. ಕಾಲೇಜು ಸಾಕೆಂದು ದೊಡ್ಡಪ್ಪ ಪಾದ ಕೆಳಗಿಟ್ಟಿದ್ದಾನೆ ಎಂದು ಅವಳ ವಾಕ್ಯ. ನನಗೆ ಎಲ್ಲಿಲ್ಲದ ಖುಷಿ. ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಬೋರ್ಡಿನ ಮೇಲೆ ಒಂದು ದೊಡ್ಡ ಪಾದ ಬರೆದು, "ಇದು ನಾಗವೇಣಿ ದೊಡ್ಡಪ್ಪನ ಪಾದ ಕಣ್ರಪ್ಪಾ, ಚಪ್ಪಲಿ ನಂಬರ್ ಹತ್ತು!" ಎಂದೆ. ತರಗತಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳೂ ತಲೆ ತಗ್ಗಿಸಿ ನಕ್ಕಳು, ಅಥವಾ ನಕ್ಕಳೆಂದು ನಾನು ತಿಳಿದೆ.

ಮುಂದಿನ ವಾರ "ಹ್ಯಾಂಡ್ಸ್ ಆರ್ ಟೈಡ್" ಎಂಬುದಕ್ಕೆ, ಅಮ್ಮನ ಕೈ ಕಟ್ಟಿಹೋಗಿದೆ ಎಂದು ಬರೆದಳು, ಅಂದರೆ ಅಮ್ಮನ ಕೈಯಲ್ಲಿ ಏನೂ ಆಗುವುದಿಲ್ಲ ಎಂದು. ಅದರ ಮುಂದಿನ ವಾರ "ಪುಟ್ ಇನ್ ಎ ವರ್ಡ್". ಒಬ್ಬರ ಪರವಾಗಿ ಒಂದು ಮಾತು ಹೇಳುವುದು ಎಂದರ್ಥ. "ಶಿವರಾತ್ರಿಗೆ ಮೊದಲು ನನ್ನ ಪರವಾಗಿ ಯಾರಾದರೂ ದೊಡ್ಡಪ್ಪನ ಹತ್ತಿರ ಒಂದು ಮಾತು ಹೇಳುತ್ತಾರಾ?" ಇದು ಅವಳ ವಾಕ್ಯ. ನಾನು ರೈಟ್ ಹಾಕಿ, ಪಕ್ಕದಲ್ಲಿ "ಎಕ್ಸಲೆಂಟ್" ಎಂದು ಬರೆದು, ಮುಂದಿನ ಪುಸ್ತಕ ತೆಗೆದುಕೊಂಡೆ.

ಶಿವರಾತ್ರಿ ಕಳೆದ ಮೇಲೆ ಅವಳು ಬರಲಿಲ್ಲ. ಎರಡು ವಾರವಾದ ಮೇಲೆ ಅವಳದೇ ಊರಿನ ಭಾಗ್ಯಳನ್ನು ಕೇಳಿದೆ.

"ಅವಳ್ದು ಮದ್ವೆ ಆಗೋಯ್ತಲ್ಲ ಸಾರ್. ಗಂಡ ಹಿಂದೂಪುರದ ಕಡೆಯೋನು. ಓದ್ಸಲ್ಲ ಅಂದ್ಬುಟ್ಟವ್ರಂತೆ."

ಕೊನೆಯ ಸೋಮವಾರ ನಾಗವೇಣಿ ಕೊಟ್ಟಿದ್ದ ಪುಸ್ತಕ ನನ್ನ ಬಳಿಯೇ ಉಳಿದಿತ್ತು. ಸ್ಟಾಫ್ ರೂಮಿನಲ್ಲಿ ಕುಳಿತು ಮೊದಲ ಸಲ ಅದನ್ನು ಕಾಗದ ಓದುವ ಹಾಗೆ ಓದಿದೆ. ಯಾರು ನೋಡಲು ಬಂದರು, ಯಾವ ದಿನ ಮಾತುಕತೆಯಾಯಿತು, ಅವಳು ಎಷ್ಟು ದಿನ ಊಟ ಬಿಟ್ಟಳು, ಎಲ್ಲವೂ ಅಲ್ಲಿತ್ತು. ಅವಳ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವರು ಯಾರೂ ಇರಲಿಲ್ಲ. ಓದಬಲ್ಲವನು ನಾನೊಬ್ಬ. ಮತ್ತೆ ಮೊದಲ ಪುಟದಿಂದ ಓದತೊಡಗಿದೆ. ನನ್ನ ಮುಖ ನೋಡಿ ಪಕ್ಕದ ಸಹೋದ್ಯೋಗಿ ಬಿಪಿ ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಿದರು.

ಏಪ್ರಿಲ್‌ನಲ್ಲಿ ಅವಳು ಟಿ.ಸಿ. ತೆಗೆದುಕೊಳ್ಳಲು ದೊಡ್ಡಪ್ಪನ ಜೊತೆ ಬಂದಳು. ಕಾಲಲ್ಲಿ ಹೊಸ ಕಾಲುಂಗುರ. ದೊಡ್ಡಪ್ಪ ಆಫೀಸಿನೊಳಗೆ ಹೋದಾಗ ವರಾಂಡದಲ್ಲಿ ಅವಳನ್ನು ಮಾತಾಡಿಸಿದೆ.

"ಅಲ್ಲಮ್ಮ, ನನ್ನ ಹತ್ರ ಬಾಯಿಬಿಟ್ಟು ಒಂದು ಮಾತು ಹೇಳ್ಬಾರ್ದಿತ್ತಾ?"

"ಬಾಯಲ್ಲಿ ಹೇಳಕ್ಕೆ ಭಯ ಆಯ್ತು ಸಾರ್. ಬರ್ದಿದ್ನಲ್ಲಾ. ನೀವು ರೈಟ್ ಹಾಕಿದ್ರಿ. ಅದ್ಕೆ ಮನೆಗೆ ಬತ್ತೀರ ಅನ್ಕೊಂಡಿದ್ದೆ."

ಅಷ್ಟರಲ್ಲಿ ದೊಡ್ಡಪ್ಪ ಹೊರಗೆ ಬಂದರು. ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ರಾಕ್ಷಸನಲ್ಲ, ತೆಳ್ಳಗಿನ ಸಾಧು ಮನುಷ್ಯ. ನನಗೆ ಕೈ ಮುಗಿದರು. ತಡೆಯಲಾರದೆ ಕೇಳಿಯೇಬಿಟ್ಟೆ: "ಇನ್ನೊಂದು ವರ್ಷ ಓದಿದ್ರೆ ಡಿಗ್ರಿ ಮುಗೀತಿತ್ತಲ್ಲ ಯಜಮಾನ್ರೇ?"

"ನಮಗೇನು ಗೊತ್ತಾಯ್ತದೆ ಸಾಮಿ, ಓದ್ದೋರಲ್ಲ. ಮೇಷ್ಟ್ರು ಮನೆ ಬಾಗ್ಲಿಗೆ ಬಂದು ಯೋಳಿದ್ರೆ ಇಲ್ಲ ಅನ್ನಕಾಯ್ತದಾ? ಒಂದೊರ್ಸ ತಡ್ಕಂತಿದ್ವಿ. ಒಬ್ರೂ ಬರ್ಲಿಲ್ಲ."

ನಾಗವೇಣಿ ಸೆರಗು ಸರಿಮಾಡಿಕೊಂಡು ಗೇಟಿನ ಕಡೆ ನೋಡುತ್ತ ನಿಂತಿದ್ದಳು. ಕಾಲೇಜಿನಿಂದ ಬಲಸಮುದ್ರ ಒಂದೇ ಬಸ್ಸಿನ ದಾರಿ. ಒಂದು ದಿನವೂ ನಾನು ಆ ಬಸ್ಸು ಹತ್ತಲಿಲ್ಲ. ಬ್ಯಾಗಿನಲ್ಲಿದ್ದ ಅವಳ ಪುಸ್ತಕ ತೆಗೆದು ಅವಳತ್ತ ಚಾಚಿದೆ. "ಅದ್ನ ನಾನೇನ್ ಮಾಡ್ಲಿ ಸಾರ್, ನೀವೇ ಇಟ್ಕಳಿ," ಎಂದು ದೊಡ್ಡಪ್ಪನ ಹಿಂದೆ ಹೊರಟಳು.

ಈಗ ನಿವೃತ್ತನಾಗಿ ಮಧುಗಿರಿಯ ಮನೆಯಲ್ಲೇ ನಾಲ್ಕಾರು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಬರೆದದ್ದು ಸರಿಯೇ ಎಂದು ನೋಡುವ ಮೊದಲು ಏನು ಬರೆದಿದ್ದಾರೆ ಎಂದು ಓದಬೇಕು. ಇಷ್ಟು ಸಣ್ಣ ವಿಷಯ ಕಲಿಯಲು ನನಗೆ ಮೂವತ್ತು ವರ್ಷದ ನೌಕರಿ ಬೇಕಾಯಿತು, ಆ ಹುಡುಗಿಯ ಓದೂ ಹೋಯಿತು. ಪುಸ್ತಕ ಕೈಗೆ ಬಂದರೆ ಪೆನ್ನು ಮುಟ್ಟದೆ ಎರಡೆರಡು ಸಲ ಓದುತ್ತೇನೆ. ಮೊನ್ನೆ ಒಬ್ಬಳು, "ತಪ್ಪು ಹುಡುಕಕ್ಕೆ ಇಷ್ಟೊತ್ತಾ ಸಾರ್?" ಎಂದು ನಕ್ಕಳು. ಸುಮ್ಮನೆ ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ ಎಂದು ಕೇಳಿದೆ.