ಇಳಿಯುವಾಗ ಕೊಡು: ಬೂಸಾರಾ ಎಜೆಯವರ ಕೆಂಪು ಗುಂಡಿ

ನಮ್ಮ ನಾರಿನ್ ಸೀಮೆಯ ಎತ್ತರದ ಕಣಿವೆಗಳಲ್ಲಿ ಸಣ್ಣ ವಿಮಾನ ಹಾರಿಸುವವರು ಇಂದು ಬೆರಳೆಣಿಕೆಯಷ್ಟು ಜನ. ಅವರಲ್ಲಿ ಒಬ್ಬಿಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಒಬ್ಬರೇ ಗುರುವಿನಿಂದ, ಬೋಧಕರು ಕೂರುವ ಬಲಗಡೆಯ ಒಂದೇ ಆಸನದಿಂದ ಬೈಸಿಕೊಂಡು ಬೆಳೆದವರು. ಆ ಗುರು ಶ್ರೀಮತಿ ಬೂಸಾರಾ ಚೋಕೊಯೇವಾ. ಕೆಂಗ್‌ತಾಲಾ ವಿಮಾನ ತರಬೇತಿ ಶಾಲೆಯ ಕಡತಗಳಲ್ಲಿ ಅವರು ಹಿರಿಯ ಬೋಧಕಿ; ನಮಗೆಲ್ಲ ಬೂಸಾರಾ ಎಜೆ, ಅಂದರೆ ದೊಡ್ಡಕ್ಕ. ಈ ವಸಂತದಲ್ಲಿ ನಿವೃತ್ತರಾದ ಅವರಿಗೆ ಶಿಷ್ಯರೆಲ್ಲ ಸೇರಿ ಅರ್ಪಿಸುತ್ತಿರುವ ಈ ಸಂಪುಟದಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ ನನ್ನದಾಗಿದೆ. ಬರೆಯಲು ಕೂತರೆ ಕೈ ಓಡುವುದಿಲ್ಲ. ಅವರಿಲ್ಲದ ಬಲಗಡೆಯ ಆಸನ ದಿನವೂ ಕಣ್ಣಿಗೆ ಬೀಳುವಾಗ ಹೇಗೆ ತಾನೇ ಓಡೀತು?

ವಿಮಾನದ ಗೊಡವೆಯಿಲ್ಲದ ಓದುಗರಿಗಾಗಿ ಒಂದು ಮಾತು ಹೇಳಬೇಕು. ನಮ್ಮ ನಾಲ್ಕು ಆಸನದ ವಿಮಾನದಲ್ಲಿ ಪೈಲಟ್ಟಿನ ಮುಂದೆ ಒಂದು ಕೆಂಪು ಗುಂಡಿ ಇರುತ್ತದೆ. ಒಳಕ್ಕೆ ತಳ್ಳಿದರೆ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚು ಹೋಗುತ್ತದೆ, ಹೊರಕ್ಕೆ ಎಳೆದರೆ ಕಡಿಮೆ. ಮೇಲೆ ಹೋದಷ್ಟೂ ಗಾಳಿ ತೆಳುವಾಗುವುದರಿಂದ ಪೆಟ್ರೋಲನ್ನೂ ಅದಕ್ಕೆ ತಕ್ಕಂತೆ ಇಳಿಸಬೇಕು. ಇಳಿಸದಿದ್ದರೆ ಎಂಜಿನ್ ಹೊಟ್ಟೆ ಬಿರಿಯೆ ತಿಂದವನಂತೆ ಏದುಸಿರು ಬಿಡುತ್ತದೆ. ಅತಿಯಾಗಿ ಇಳಿಸಿದರೆ ಹಸಿದು ನಡುಗುತ್ತದೆ. ಆ ನಡುಕ ಶುರುವಾಗುವ ತನಕ ಎಳೆದು, ಅಲ್ಲಿಂದ ತುಸುವೇ ಒಳಕ್ಕೆ ತಳ್ಳಿ, ಎಂಜಿನ್ ನುಣ್ಣಗೆ ಹಾಡುವ ಜಾಗವನ್ನು ಹುಡುಕುವುದೇ ನಮ್ಮ ವಿದ್ಯೆಯ ಅರ್ಧ ಭಾಗ.

ಎಜೆ ಅದನ್ನು ಕಲಿಸುತ್ತಿದ್ದ ರೀತಿ ಯಾವ ಪುಸ್ತಕದಲ್ಲೂ ಇರಲಿಲ್ಲ. ಕಣಿವೆ ದಾಟಿ ಮೇಲೇರುತ್ತಿದ್ದಂತೆ ತಮ್ಮ ತಲೆವಸ್ತ್ರ ಬಿಚ್ಚಿ ಮುಂದಿನ ಮಾಪಕಗಳ ಮುಳ್ಳುಗಳ ಮೇಲೆಲ್ಲ ಹೊದಿಸಿಬಿಡುತ್ತಿದ್ದರು. ಆಮೇಲೆ ಕೈಕಟ್ಟಿ ಕೂತು, ಈಗ ಹುಡುಕು ಎನ್ನುತ್ತಿದ್ದರು. ಮೈಯೆಲ್ಲ ಕಿವಿಯಾಗಿ ನಾವು ಗುಂಡಿ ಎಳೆಯುತ್ತಿದ್ದರೆ ಅವರಿಗೆ ಅದೂ ಸಾಲದು.

“ಕಿವಿ ಒಮ್ಮೊಮ್ಮೆ ಸುಳ್ಳು ಹೇಳುತ್ತೆ, ಬಾಲಾಂ,” ಅನ್ನುತ್ತಿದ್ದರು. “ಬೆನ್ನನ್ನ ಕೇಳು. ಸೀಟಿಗೆ ಆನಿಸಿದ್ದೀಯಲ್ಲ, ಅದನ್ನ ಕೇಳು.”

ಬಾಲಾಂ ಎಂದರೆ ನನ್ನ ಮಗುವೇ ಎಂದು. ಗಡ್ಡ ಬಂದವರಿಗೂ ಅವರ ಬಾಯಲ್ಲಿ ಅದೇ ಹೆಸರು. ತಪ್ಪು ಮಾಡಿದ ದಿನ ಮಾತ್ರ ಕತ್ತೆ.

ಇಷ್ಟೆಲ್ಲ ಕಟ್ಟುನಿಟ್ಟಿನ ಹೆಂಗಸು ಪ್ರತಿ ಹೊಸ ತಂಡಕ್ಕೂ ಮೊದಲ ಪಾಠವಾಗಿ ಹೇಳುತ್ತಿದ್ದದ್ದು ತಮ್ಮ ತಪ್ಪಿನ ಕಥೆಯನ್ನೇ. ಬಯಲಿನ ಪೈಲಟ್ಟುಗಳು ನಮ್ಮಲ್ಲಿಗೆ ಬಂದರೆ ಗುಂಡಿ ಪೂರ್ತಿ ಒಳಗಿಟ್ಟುಕೊಂಡೇ ಓಡುತ್ತಾರೆ, ರನ್‌ವೇ ಪಟ್ಟಿ ಮುಗಿದರೂ ವಿಮಾನ ನೆಲ ಬಿಡುವುದಿಲ್ಲ. ಅದನ್ನು ನೋಡಿ ನಕ್ಕು ನಮ್ಮವರಿಗೆ ಹೊಟ್ಟೆ ಹುಣ್ಣಾಗುತ್ತದೆ. ಆದರೆ ನಮಗೂ ಒಂದು ತಪ್ಪು ಕಾದಿರುತ್ತದೆ, ಬೆಟ್ಟದವರು ಮಾತ್ರ ಮಾಡುವಂಥದ್ದು. ಗುಂಡಿ ಹೊರಗೆ ಎಳೆದೇ ಹುಟ್ಟಿದವರು ನಾವು. ಗಾಳಿ ದಪ್ಪಗಿರುವ ಬಯಲಿಗೆ ಇಳಿಯುವಾಗ ಅದನ್ನು ಮತ್ತೆ ಒಳಕ್ಕೆ ತಳ್ಳಬೇಕೆಂಬುದೇ ನಮ್ಮ ನೆನಪಿಗೆ ಬರುವುದಿಲ್ಲ. ಯುವತಿ ಬೂಸಾರಾ ಮೊದಲ ಸಲ ಫರ್ಗಾನಾ ಬಯಲಿಗೆ ಇಳಿದಾಗ ಆದದ್ದು ಇದೇ. ಎಂಜಿನ್ ಕೆಮ್ಮಿತು, ನಿಂತಿತು, ವಿಮಾನ ಹತ್ತಿಯ ಹೊಲಕ್ಕೆ ಹೋಗಿ ಕೂತಿತು. ಹತ್ತಿ ಬಿಡಿಸುತ್ತಿದ್ದ ಹೆಂಗಸರು ಓಡಿ ಬಂದು, ಬದುಕಿದ್ದಾಳೆಂದು ತಿಳಿದ ಮೇಲೆ, ಗಿಡ ಹಾಳುಮಾಡಿದ್ದಕ್ಕೆ ಹಿಗ್ಗಾಮುಗ್ಗಾ ಬೈದು, ಸಂಜೆಯ ತನಕ ಎಜೆಯ ಕೈಯಲ್ಲೂ ಹತ್ತಿ ಬಿಡಿಸಿಕೊಂಡರಂತೆ.

ಅವತ್ತಿನಿಂದ ಕಣಿವೆಯ ಬಾಯಿ ದಾಟಿ ವಿಮಾನ ಮೂಗು ತಗ್ಗಿಸಿದ ಕೂಡಲೇ ಎಜೆ ಒಂದು ಮಾತು ಹೇಳತೊಡಗಿದರು. “ಇಳೀತಿದ್ದೀವಿ. ಕೊಡು ಅದಕ್ಕೆ.” ನಾವು ಆಗಲೇ ಗುಂಡಿಗೆ ಕೈ ಹಾಕಿದ್ದರೂ ಹೇಳುತ್ತಿದ್ದರು. ಪರೀಕ್ಷೆಯ ದಿನ ಪರೀಕ್ಷಕರು ಹಿಂದೆ ಕೂತಿದ್ದರೂ ಹೇಳುತ್ತಿದ್ದರು, ಆಮೇಲೆ ನಾಲಗೆ ಕಚ್ಚಿಕೊಳ್ಳುತ್ತಿದ್ದರು. ತಾವೇ ಹಾರಿಸುವಾಗಲೂ ತಮಗೇ ಹೇಳಿಕೊಳ್ಳುತ್ತಿದ್ದರು.

ಅವರಿಂದ ನಾನು ಪಡೆದ ಉಪಕಾರಗಳಲ್ಲಿ ಒಂದನ್ನು ಇಲ್ಲಿ ದಾಖಲಿಸದಿದ್ದರೆ ಅನ್ನದ ಋಣ ನನ್ನನ್ನು ಬಿಡಲಾರದು. ನಾನು ಕಲಿಯುತ್ತಿದ್ದ ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚಿತ್ತು. ಆಚೆ ಕಣಿವೆಯ ನಮ್ಮೂರಿನಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಳು. ರಜೆ ಕೇಳಲು ನನಗೆ ಬಾಯಿ ಬರಲಿಲ್ಲ. ಕೇಳಿದರೂ ಹೋಗಲು ದಾರಿಯಿರಲಿಲ್ಲ. ಎಜೆಗೆ ಯಾರು ಹೇಳಿದರೋ ಕಾಣೆ. ಮರುದಿನ ಪಾಠದ ದಾರಿ ಬದಲಾಗಿತ್ತು. ಹಿಮದ ಮೇಲೆ ಇಳಿಯುವ ಅಭ್ಯಾಸ ಎಂದು ಹೇಳಿ ನಮ್ಮೂರಿನ ಕುದುರೆ ಮೈದಾನದಲ್ಲೇ ನನ್ನ ಕೈಯಲ್ಲಿ ವಿಮಾನ ಇಳಿಸಿದರು.

“ಹೋಗಿ ನಿಮ್ಮಮ್ಮನ್ನ ನೋಡ್ಕೊಂಡು ಬಾ. ಎಂಜಿನ್ ತಣ್ಣಗಾಗದ ಹಾಗೆ ನಾನು ನೋಡ್ಕೋತೀನಿ. ಇದೂ ಪಾಠಾನೇ.”

ನಾನು ಮರಳುವ ತನಕ ಅವರು ಎಂಜಿನ್ನಿಗೆ ದಪ್ಪ ಉಣ್ಣೆಯ ಕಂಬಳಿ ಹೊದಿಸಿ, ತಾವು ಬರೀ ಕೋಟಿನಲ್ಲಿ ಅದರ ಪಕ್ಕ ನಿಂತಿದ್ದರು. ಅಮ್ಮ ಕಳಿಸಿದ, ಎಣ್ಣೆಯಲ್ಲಿ ಕರಿದ ಹಿಟ್ಟಿನ ಬಿಸಿ ಬೋರ್ಸೋಕ್ ಕೈಗಿಟ್ಟಾಗ ಬೆರಳು ಮಡಿಸಲೂ ಅವರಿಗೆ ಆಗುತ್ತಿರಲಿಲ್ಲ. ಅಮ್ಮ ಆ ವಸಂತ ಕಾಣಲಿಲ್ಲ. ನಾನು ಅವಳ ಮುಖ ಕಂಡದ್ದು ಆ ಪಾಠದಲ್ಲೇ ಕೊನೆ.

ವರ್ಷಗಳು ಉರುಳಿದವು. ನಾನು ಅದೇ ಶಾಲೆಯಲ್ಲಿ ಬೋಧಕನಾದೆ. ಎಜೆಯ ಕೂದಲು ಬೆಳ್ಳಗಾಯಿತು. ಕಳೆದ ಶರತ್ಕಾಲದಲ್ಲಿ ಒಂದು ದಿನ ಅವರು ಪಾಠ ಮುಗಿಸಿ ಇಳಿದವರೇ ನೇರ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ಮೇಲೆ ಎಂಜಿನ್ ನಡುಗಿದ್ದನ್ನು ತಮಗಿಂತ ಮೊದಲು ಕಲಿಯುವ ಹುಡುಗಿ ಗುರುತಿಸಿದಳೆಂದೂ, ಕಿವಿ ಕೆಲವು ಕಾಲದಿಂದ ಮಂದವಾಗಿದೆಯೆಂದೂ ಹೇಳಿದರು. ಬೆನ್ನಿಗೆ ಗೊತ್ತಾಗಲಿಲ್ಲವೇ ಎಂದು ನಾನು ಕೇಳಬಾರದಿತ್ತು, ಕೇಳಿದೆ.

“ಗೊತ್ತಾಯ್ತು. ಸ್ವಲ್ಪ ತಡವಾಗಿ ಗೊತ್ತಾಯ್ತು. ಪಾಠ ಹೇಳೋರು ತಡ ಮಾಡಬಾರದು, ಮೆದೆರ್.” ಅವತ್ತು ನನ್ನ ಹೆಸರು ಹಿಡಿದೇ ಹೇಳಿದರು.

ಯಾರೂ ಕಳಿಸದೆ ತಾವಾಗಿಯೇ ವೈದ್ಯರ ಬಳಿ ಹೋದರು. ವೈದ್ಯರು ಕಿವಿಯ ಜೊತೆಗೆ ಹೃದಯವನ್ನೂ ನೋಡಿ, ಇನ್ನು ಈ ಎತ್ತರದಲ್ಲಿ ಇರಕೂಡದು, ಬಯಲಿಗೆ ಇಳಿಯಿರಿ, ಮತ್ತೆ ಮೇಲೆ ಬರಬೇಡಿ ಎಂದುಬಿಟ್ಟರು. ಹಾರಾಟ ಹೋದದ್ದನ್ನು ಎಜೆ ನುಂಗಿಕೊಂಡರು. ಬೆಟ್ಟ ಹೋಗುವುದು ಮಾತ್ರ ಅವರಿಗೆ ನುಂಗಲಾರದ ತುತ್ತಾಯಿತು. ಉಜ್ಗೆನ್ನಿನ ಹತ್ತಿರ ತಂಗಿಯ ಮನೆಗೆ ಹೋಗುವುದೆಂದು ತೀರ್ಮಾನವಾದ ಮೇಲೆ ನಮ್ಮನ್ನು ಕೇಳಿದ್ದು ಒಂದೇ: ವ್ಯಾನಿನಲ್ಲಿ ಬೇಡ, ವಿಮಾನದಲ್ಲಿ ಕಣಿವೆಯ ಮೇಲಿಂದ ಹೋಗುತ್ತೇನೆ. ವೈದ್ಯರು ಮೊದಲು ಒಪ್ಪಲಿಲ್ಲ. ಆಮ್ಲಜನಕದ ಸಿಲಿಂಡರ್ ಜೊತೆಗಿಟ್ಟು, ಹಿಂದಿನ ಸೀಟಿನಲ್ಲಿ ತಾವೇ ಬಂದು ಕೂರುವುದಾಗಿ ಕಡೆಗೆ ಒಪ್ಪಿದರು.

ನಮ್ಮ ಕಡೆ ದೂರ ಹೊರಟವರು ರೊಟ್ಟಿಯೊಂದನ್ನು ಒಂದು ಸಲ ಕಚ್ಚಿ ಹೋಗುತ್ತಾರೆ. ಉಳಿದದ್ದನ್ನು ಅವರು ಮರಳಿ ಬರುವ ತನಕ ಮನೆಯವರು ನೇತುಹಾಕಿ ಕಾದಿಡುತ್ತಾರೆ. ಶಾಲೆಯಲ್ಲೂ ಆ ಪದ್ಧತಿ ಉಂಟು. ಎಜೆ ಹೊರಟ ದಿನ ಬೆಳಿಗ್ಗೆ ಅಡುಗೆಮನೆಯ ಝಿಬೆಕ್ ರೊಟ್ಟಿ ಹಿಡಿದು ವಿಮಾನದ ಹತ್ತಿರ ಬಂದಳು, ಆದರೆ ಚಾಚಲೋ ಬೇಡವೋ ಎಂದು ನಿಂತಳು. ಮರಳಿ ಬಾರದವರಿಗೆ ಹೇಗೆ ಕೊಡುವುದು? ಎಜೆ ತಾವೇ ಕೈ ನೀಡಿ ತೆಗೆದುಕೊಂಡು, ದೊಡ್ಡದಾಗಿ ಕಚ್ಚಿ, ಉಳಿದದ್ದನ್ನು ಅವಳ ಕೈಗೆ ಕೊಟ್ಟರು.

ಬಲಗಡೆಯ ಆಸನದಲ್ಲಿ ಕೂತು ಬೆಲ್ಟು ಬಿಗಿದುಕೊಂಡು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು. ಪ್ರಯಾಣಿಕರು ಏನನ್ನೂ ಮುಟ್ಟಬಾರದು, ಪೈಲಟ್ಟಿಗೆ ಏನನ್ನೂ ಹೇಳಬಾರದು ಎಂಬುದು ಅವರೇ ಮಾಡಿದ ನಿಯಮ. ಕಣಿವೆಯ ಬಾಯಿಯ ತನಕ ಅದನ್ನು ಪಾಲಿಸಿದರು. ನಾನು ಗುಂಡಿ ಎಳೆದು ಸರಿಯಾದ ಜಾಗ ಹುಡುಕಿದೆ; ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಕೆಳಗೆ ಕುದುರೆಗಳು ಹಿಮ ಕೆದಕುತ್ತಿದ್ದವು. ತಾವು ಹುಟ್ಟಿದ ಹುಲ್ಲುಗಾವಲು ಎಡಕ್ಕೆ ಸರಿದಾಗ ನನ್ನ ಮೇಲಿಂದಲೇ ಬಗ್ಗಿ, ಅದು ಬೆಟ್ಟದ ಹಿಂದೆ ಮರೆಯಾಗುವ ತನಕ ನೋಡಿದರು. ಆಮೇಲೆ ಕಣ್ಣು ಮುಚ್ಚಿಕೊಂಡರು.

ಕಣಿವೆ ದಾಟಿತು. ನಾನು ಮೂಗು ತಗ್ಗಿಸಿದೆ. ಕೈ ತಾನಾಗಿ ಕೆಂಪು ಗುಂಡಿಗೆ ಹೋಯಿತು, ಅಲ್ಲೇ ನಿಂತಿತು. ಆ ಮಾತು ಕೇಳದೆ ಆ ಗುಂಡಿ ಒಳಕ್ಕೆ ತಳ್ಳಲು ನನಗೆ ಮನಸ್ಸಾಗಲಿಲ್ಲ. ಇವತ್ತು ಬಿಟ್ಟರೆ ಇನ್ನೆಂದೂ ಕೇಳಲಾರೆ ಎಂಬುದು ಗೊತ್ತಿತ್ತು. ಎತ್ತರ ಬೇಕಾದಷ್ಟಿತ್ತು, ಕೆಳಗೆ ಬಯಲಿತ್ತು. ನದಿಯ ಸೇತುವೆ ಬರುವ ತನಕ ಕಾಯುತ್ತೇನೆ, ಆಮೇಲೆ ಕೊಡುತ್ತೇನೆ ಎಂದುಕೊಂಡೆ. ಎಂಜಿನ್ನಿನ ದನಿ ಮೊದಲು ಒರಟಾಯಿತು, ಆಮೇಲೆ ಸಣ್ಣಗೆ ನಡುಗತೊಡಗಿತು. ಎಜೆ ಕಣ್ಣು ಬಿಡಲಿಲ್ಲ. ಅವರ ಕಿವಿಗೆ ಅದು ಬೀಳುವಂತಿರಲಿಲ್ಲ. ಸೇತುವೆ ಹತ್ತಿರವಾಗುತ್ತಿತ್ತು.

ಆಗ ಅವರು ಬೆನ್ನನ್ನು ಸೀಟಿಗೆ ಒತ್ತಿ ಆನಿಸಿದ್ದು ಕಂಡಿತು.

“ಇಳೀತಿದ್ದೀವಿ,” ಎಂದರು, ಕಣ್ಣು ಮುಚ್ಚಿಕೊಂಡೇ. “ಕೊಡು ಅದಕ್ಕೆ.”

ಕೊಟ್ಟೆ. ಎಂಜಿನ್ ನುಣ್ಣಗಾಯಿತು. ಎಜೆ ಕಣ್ಣು ಬಿಟ್ಟು ನನ್ನ ಮುಖ ನೋಡಿದರು.

“ನಾನು ಹೇಳ್ಲಿ ಅಂತ ಕಾಯ್ತಾ ಇದ್ದೆ ಅಲ್ವೇನೋ, ಕತ್ತೆ? ಇನ್ನೊಂದು ಸಲ ಹೀಗೆ ಮಾಡಿದ್ರೆ ನಿನ್ನ ಲೈಸೆನ್ಸ್ ಹರಿದು ಹಾಕಿಸ್ತೀನಿ.”

ಬೈದವರೇ ಕೈ ಎತ್ತಿ ನನ್ನ ಕೈಯ ಮೇಲೆ, ಗುಂಡಿಯ ಮೇಲಿದ್ದ ಕೈಯ ಮೇಲೆ ಇಟ್ಟರು. ಚಕ್ರ ನೆಲ ಮುಟ್ಟುವ ತನಕ ತೆಗೆಯಲಿಲ್ಲ. ನಿಯಮ ಮುರಿದರೆಂದು ನಾನೂ ಹೇಳಲಿಲ್ಲ.

ಈಗ ಶಾಲೆಯ ಕಚೇರಿಯಲ್ಲಿ, ಒಲೆಯ ಪಕ್ಕದ ಗೋಡೆಗೆ, ಆ ರೊಟ್ಟಿ ತೂಗುತ್ತಿದೆ. ಕಲ್ಲಿನಂತೆ ಒಣಗಿದೆ, ಹಲ್ಲಿನ ಗುರುತು ಮಾತ್ರ ಹಾಗೇ ಇದೆ. ಗೋಡೆಗೆ ಸುಣ್ಣ ಬಳಿಯಲು ಬಂದವರು ತೆಗೆದಿಡಲೇ ಎಂದು ಕೇಳಿ ಝಿಬೆಕ್‌ಳಿಂದ ಬೈಸಿಕೊಂಡರು. ನಾವು ಬಯಲಿಗೆ ಹೋಗುವಾಗಲೆಲ್ಲ ದಾರಿ ಉಜ್ಗೆನ್ನಿನ ಮೇಲೆಯೇ. ತಂಗಿಯ ಮನೆಯ ಜರ್ದಾಳು ಮರಗಳ ನಡುವೆ ಎಜೆ ನಿಂತಿರುತ್ತಾರೆ. ನಮ್ಮ ಸದ್ದು ಅವರಿಗೆ ಕೇಳುವುದಿಲ್ಲ. ನಾವು ಬರುವ ಹೊತ್ತು ಗೊತ್ತಿರುತ್ತದೆ, ಅಷ್ಟೆ. ವಿಮಾನ ಕಂಡೊಡನೆ ಅಂಗೈಯನ್ನು ಆಕಾಶಕ್ಕೆ ಹಿಡಿದು ಮುಂದಕ್ಕೆ ತಳ್ಳುತ್ತಾರೆ, ಗುಂಡಿ ತಳ್ಳುವ ಹಾಗೆ. ನಾವು ಆಗಲೇ ಕೊಟ್ಟಾಗಿರುತ್ತದೆ. ಆದರೂ ಆ ಕೈ ಕಂಡ ಮೇಲೆ ಇನ್ನೊಮ್ಮೆ ಗುಂಡಿ ಒತ್ತಿ ನೋಡದೆ ಹೋದವರು ನಮ್ಮಲ್ಲಿ ಒಬ್ಬರೂ ಇಲ್ಲ.

ಪೂಜ್ಯರಾದ ಬೂಸಾರಾ ಎಜೆ, ಆ ದಪ್ಪ ಗಾಳಿ ನಿಮಗೆ ಒಗ್ಗಲಿ, ನಿಮ್ಮ ಹೃದಯ ಬಹುಕಾಲ ನುಣ್ಣಗೆ ಓಡಲಿ. ಅಂಗಳದಲ್ಲಿ ನಿಂತು ನಮಗೆ ಪಾಠ ಹೇಳುವುದನ್ನು ನಿಲ್ಲಿಸಬೇಡಿ. ರೊಟ್ಟಿಯನ್ನು ನಾವು ಕಾದಿಟ್ಟಿದ್ದೇವೆ. ನೀವು ಬರಲಾರಿರೆಂದು ನಮಗೆಲ್ಲ ಗೊತ್ತು. ಅದನ್ನು ಇಳಿಸುವ ಧೈರ್ಯ ಮಾತ್ರ ಯಾರಿಗೂ ಇಲ್ಲ.